ನೆರಳಲ್ಲಿ ಒಣಗಿಸಿದ ಎಲೆ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಒಂದೆಲಗವನ್ನು ಅದರಿಂದ ಚಿವುಟಿ, ಮೂಸಿ ನೋಡಿದ ಮೇಲೆಯೇ ತೂಕಕ್ಕೆ ಇಡುತ್ತಿದ್ದರು.

ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಸಪ್ತಾಪುರದ ಬಾಡಿಗೆ ಮನೆಯಲ್ಲಿ ಒಬ್ಬರೇ. ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು. ನಮ್ಮೂರು ಗಬ್ಬೂರಿನ ಬಾವಿಗಳ ಸುತ್ತ ಎಲೆ ಕೊಯ್ದು, ಒಣಗಿಸಿ, ತೊಂಬತ್ತರ ದಶಕದುದ್ದಕ್ಕೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಒಯ್ದು ಕೊಟ್ಟೆ. ನನ್ನನ್ನು ಬಾಯಿತುಂಬ 'ನೀವು' ಎಂದವರು ಅವರೊಬ್ಬರೇ.

"ಇದನ್ನ ಏನ್ ಮಾಡ್ತೀರಿ ಅಕ್ಕೋರ?"

"ಕಬ್ಬಿಣಕ್ಕ ಜಂಗ ಹಿಡದಂಗ ಮಿದುಳಿನ ಜೀವಕೋಶಕ್ಕೂ ಹಿಡಿತೈತ್ರಿ. ಎಲ್ಯಾಗಿನ ಸತ್ವ ಅದನ್ನ ತಡೀತೈತೇನು, ನೋಡಾಕತ್ತೇನಿ. ಗಾಜಿನ ತಟ್ಟ್ಯಾಗ ಅಷ್ಟ. ಮನಶ್ಯಾಗ ಹೆಂಗೋ, ಗೊತ್ತಿಲ್ಲ."

ಅವರ ತಾಯಿ ಕೊನೆಗಾಲಕ್ಕೆ ಮಗಳನ್ನೇ "ಯಾರವಾ ನೀ?" ಅನ್ನುತ್ತಿದ್ದರಂತೆ. ಆ ಮಾತನ್ನು ನನಗೆ ಒಂದೇ ಸಲ ಹೇಳಿದ್ದರು.

ಎಲೆ ನೆರಳಲ್ಲೇ ಒಣಗಬೇಕು, ಬಿಸಿಲಿಗೆ ಸತ್ವ ಹೋಗುತ್ತದೆ. ಇದು ಅವರ ಕಟ್ಟಪ್ಪಣೆ. ಒಂದು ಮಳೆಗಾಲ ಎಲೆ ಒಣಗಲೇ ಇಲ್ಲ. ಹೇಳಿದ ದಿನ ತಪ್ಪದವನೆಂಬ ಸೊಕ್ಕು ನನಗೆ. ಮಳೆ ಬಿಟ್ಟ ಮಧ್ಯಾಹ್ನ ತಗಡಿನ ಮೇಲೆ ಹರವಿ, ಒಣಗಿಸಿ, ಹೇಳದೆ ಕೊಟ್ಟು ಬಂದೆ. ಅಷ್ಟೊತ್ತಿಗೆ ನನ್ನ ಎಲೆ ಮೂಸುವುದನ್ನು ಅವರು ಬಿಟ್ಟಿದ್ದರು.

ಎರಡು ತಿಂಗಳಿಗೆ ಅವರ ಮುಖ ಬಾಡಿತ್ತು. "ಕಡೀ ಪರೀಕ್ಷಾದಾಗ ಕೋಶ ಉಳೀಲಿಲ್ಲರಿ. ಎಲ್ಯಾಗ ಏನೂ ಇಲ್ಲಂತ ಬರದು ಮುಗಸ್ತೇನಿ. ಇಷ್ಟ್ ವರ್ಷ ಸುಮ್ನ ಕಳದೆ."

ಗೇಟಿನ ತನಕ ಹೋದವನು ತಿರುಗಿ ಬಂದೆ.

"ಅಕ್ಕೋರ, ಅದು ಬಿಸಲಾಗ ಒಣಗಿಸಿದ್ದು."

ಬೈಗುಳಕ್ಕೆ ಕಾದು ನಿಂತೆ. ಅವರು ಕುರ್ಚಿಗೆ ಒರಗಿ ನಕ್ಕರು. "ಭಾಳ ಕಲತವ್ರು ಇಂಥಾದ್ದು ಮುಚ್ಚಿಡ್ತಾರ. ನೀವು ಸಾಲಿ ಬಿಟ್ಟಿದ್ದ ಛಲೋ ಆತು! ಮತ್ತೊಮ್ಮೆ ಮಾಡೂಣ. ತಡಾ ಆದ್ರ ತಡಾ ಅನ್ರಿ. ನನಗರ ಮನ್ಯಾಗ ಯಾರ ಕಾಯ್ತಾರ?"

ಮತ್ತೆ ಮಾಡಲು ವರ್ಷ ಹಿಡಿಯಿತು. ಆಮೇಲೆ ಅವರು ನಿವೃತ್ತರಾದರು, ಎಲೆ ಬೇಕಾಗಲಿಲ್ಲ. ನಾನೂ ಹೋಗಲಿಲ್ಲ. ಬರಿಗೈಯಲ್ಲಿ ಹೋಗಲು ಸಂಕೋಚ.

ಒಂದು ದಿನ ಅಂಚೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕು ಹಾಳೆ ಬಂದವು, ಅವರದೇ ಕೈಬರಹದ ವಿಳಾಸ. ಓದಿಸಿಕೊಳ್ಳಲು ಎರಡು ವಾರದ ಮೇಲೆ ಸಪ್ತಾಪುರಕ್ಕೆ ಹೋದೆ. ಬಾಗಿಲಿಗೆ ಬೀಗ. ಅಕ್ಕೋರು ತೀರಿ ಹನ್ನೊಂದು ದಿನವಾಗಿತ್ತು ಎಂದರು ಮನೆ ಮಾಲಕರು. ಹೊತ್ತೊಯ್ಯಲು ಓಣಿಯಿಂದ ಜನ ಕರೆಯಬೇಕಾಯಿತಂತೆ.

ಹಾಳೆಗಳನ್ನು ಮಾಲಕರೇ ಓದಿ ಹೇಳಿದರು: "ನೆರಳಾಗ ಒಣಗಿದ ಎಲಿ ಕೋಶ ಉಳಸ್ತು, ಬಿಸಲಾಗಿಂದು ಉಳಸಲಿಲ್ಲ ಅಂತ ಬರದಾರ. ಎರಡೂ ಒಣಗಿಸಿಕೊಟ್ಟವರು ಅಂತ ಕಡೀಕ ನಿಮ್ಮ ಹೆಸರೈತಿ."

"ಎಲ್ಲೈತ್ರಿ?"

ಬೆರಳಿಟ್ಟು ತೋರಿಸಿದರು. ನನ್ನ ಹೆಸರಿಗೆ ಮೊದಲು 'ಶ್ರೀ' ಎಂದೂ ಇದೆಯಂತೆ.