ರಾಕೆಟ್ ಮಾವ

ಊಟದ ಮೇಜು ಇರುವುದು ಊಟಕ್ಕೆ ಎಂದು ಹೇಳಿ ಹೇಳಿ ಸೊಸೆಗೆ ಸಾಕಾಗಿ ಹೋಗಿತ್ತು; ಅಲ್ಲಿ ಸದಾ ಮಾವನವರ ಪುಟ್ಟ ವಿಮಾನದ ರೆಕ್ಕೆಗಳು ಅಂಟು ಆರಿಸಿಕೊಳ್ಳುತ್ತಾ ಮಲಗಿರುತ್ತಿದ್ದವು, ಅವುಗಳ ಪಕ್ಕ ಸೀನುವುದಕ್ಕೂ ಅಪ್ಪಣೆ ಬೇಕಿತ್ತು, ಯಾರಾದರೂ ಫ್ಯಾನ್ ಹಾಕಿದರೆ "ಅಯ್ಯೋ, ಎದ್ದುಬಿಡ್ತಾವೆ ಕಣಮ್ಮಾ!" ಎಂದು ರಾಕೆಟ್ ಮಾವ ಓಡಿ ಬರುತ್ತಿದ್ದರು. ಹಗುರ ಮರದ ರೆಕ್ಕೆಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕೆನ್ನೆಗೆ ಒತ್ತಿ ನುಣುಪು ನೋಡುವುದು, ವಿಮಾನದ ಮೂತಿಗೋ ರೆಕ್ಕೆಯ ತುದಿಗೋ ಸಾಸಿವೆಯಷ್ಟು ಜೇಡಿಮಣ್ಣು ಮೆತ್ತುವುದು, ಬೆರಳ ತುದಿಯಲ್ಲಿ ತೂಗಿ "ಇನ್ನೊಂದು ಚೂರು" ಎಂದು ಗೊಣಗುವುದು, ವಾರವೆಲ್ಲ ಇದೇ. ಭಾನುವಾರ ಸೊಸೆಯನ್ನು ಕರೆದುಕೊಂಡು ಮೈದಾನಕ್ಕೆ ಹೋಗಿ ಗುಂಡಿ ಒತ್ತಿದರೆ ರಾಕೆಟ್ಟು ವಿಮಾನವನ್ನು ಹೊತ್ತು ಬುಸ್ಸೆಂದು ಏರುತ್ತಿತ್ತು. ಏರುವಷ್ಟು ಏರಿದ ಮೇಲೆ ರಾಕೆಟ್ಟು ಕಳಚಿಕೊಂಡು, ವಿಮಾನವೊಂದೇ ತೇಲುತ್ತಾ ಇಳಿಯಬೇಕು. "ಬಿಡ್ತಾ?" "ಬಿಡ್ತು ಮಾವ." "ಯಾವ ಕಡೆ ವಾಲ್ತಿದೆ?" "ಎಡಕ್ಕೆ." ತಾವೇ ನೋಡಬಾರದೇ ಎಂದು ಅವಳಿಗೆ ಒಳಗೊಳಗೇ ರೇಗುತ್ತಿತ್ತು. ಒಂದು ಭಾನುವಾರ ವಿಮಾನ ಆಕಾಶದಲ್ಲಿ ಅಗಲವಾಗಿ ಸುತ್ತು ಹಾಕುತ್ತಾ ಬಂದು, ಸದ್ದಿಲ್ಲದೆ ಮಾವನ ಕಾಲ ಬಳಿಯೇ ಹುಲ್ಲಿನ ಮೇಲೆ ಕೂತಿತು. ಮಾವ ಮಾತ್ರ ಮುಖ ಮೇಲೆತ್ತಿಕೊಂಡೇ ನಿಂತಿದ್ದರು. "ಇನ್ನೂ ಮೇಲಿದೆಯೇನಮ್ಮಾ?" ಅವಳು ತಿರುಗಿ ಅವರ ಕಣ್ಣುಗಳನ್ನೇ ನೋಡಿದಳು. ಇಷ್ಟು ದಿನ ತಾನು ಆಕಳಿಸುತ್ತಾ ಹೇಳಿದ ಎಡ ಬಲಗಳನ್ನೇ ನಂಬಿ, ಒಂದೊಂದೇ ಸಾಸಿವೆ ಮಣ್ಣು ಮೆತ್ತಿ, ಈ ಮನುಷ್ಯ ಕಣ್ಣಿಗೆ ಕಾಣದ ವಿಮಾನವನ್ನು ತಮ್ಮ ಕಾಲ ಬುಡಕ್ಕೆ ಕರೆಸಿಕೊಂಡಿದ್ದರು! ಅವಳು ಅದನ್ನೆತ್ತಿ ಮೆಲ್ಲಗೆ ಅವರ ಕೈಗಿಟ್ಟಳು. "ಇನ್ನೊಂದ್ಸಲ ಹಾರಿಸಿ ಮಾವ," ಎಂದಳು, "ಈ ಸಲ ಸರಿಯಾಗಿ ನೋಡ್ತೀನಿ."