ತೋಳು ಹೊಲಿಯುತ್ತಿದ್ದವಳು

ಬಿಜೈಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ರವಿಕೆ, ಚೂಡಿದಾರ ಹೊಲಿಯುತ್ತೇವೆ. ಎಷ್ಟೋ ವರ್ಷ ಅಲ್ಲಿ ಕೆಲಸದವರು ನಿಲ್ಲುತ್ತಲೇ ಇರಲಿಲ್ಲ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಮದುವೆ ಎಂದೋ, ಬೆನ್ನುನೋವು ಎಂದೋ, ಅತ್ತೆಗೆ ಹುಷಾರಿಲ್ಲ ಎಂದೋ ಹೇಳಿ ಹೊರಟುಬಿಡುತ್ತಿದ್ದರು. ಇನ್ನೊಬ್ಬಳನ್ನು ಹುಡುಕಿ, ಕಲಿಸಿ, ಅವಳ ಕೈ ಕುದುರುವಷ್ಟರಲ್ಲಿ ಅವಳೂ ಹೋಗುತ್ತಿದ್ದಳು. ಈಗಿನ ಹುಡುಗಿಯರೇ ಹೀಗೆ ಎಂದು ಬೈದುಕೊಂಡು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ಸಮಾಧಾನ ಕೆಡಿಸಿದವಳು, ಅವರಂತಲ್ಲದೆ ನಾಲ್ಕು ವರ್ಷ ನನ್ನಲ್ಲೇ ನಿಂತು ದುಡಿದ ಒಬ್ಬಳು ಬ್ಯಾರಿ ಹೆಂಗಸು. ಅವಳು ಕೆಲಸ ಬಿಟ್ಟು ತನ್ನ ಮನೆಯ ಹತ್ತಿರ, ತೊಕ್ಕೊಟ್ಟಿನಲ್ಲಿ, ಬೇಕರಿಯೊಂದರ ಮಾಳಿಗೆಯಲ್ಲಿ ಸ್ವಂತ ಅಂಗಡಿ ತೆರೆದಳು. ಮಳೆಗಾಲ ಕಳೆಯುವುದರೊಳಗೆ ಮುಚ್ಚುತ್ತಾಳೆ ಎಂದುಕೊಂಡೆ. ಮುಚ್ಚಲಿಲ್ಲ. ಬದಲಿಗೆ ನನ್ನ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ಸೇರಿದಳು. ಅವಳ ಮನೆ ಉಳ್ಳಾಲ. ಹತ್ತಿರವಾಯಿತು, ಹೋಗಲಿ ಎಂದೆ. ಆಮೇಲೆ ಇನ್ನೊಬ್ಬಳು ಹೋದಳು. ಅವಳ ಮನೆ ಕಾವೂರು! ಬೆಳಿಗ್ಗೆ ನನ್ನ ಅಂಗಡಿಯನ್ನು ದಾಟಿ, ಪೇಟೆಯಲ್ಲಿ ಬಸ್ಸು ಬದಲಿಸಿ, ನೇತ್ರಾವತಿ ಹೊಳೆಯ ಆಚೆಗೆ ಹೋಗುತ್ತಿದ್ದಳು. ವರ್ಷ ಎರಡಾದರೂ ಅವರಿಬ್ಬರೂ ಅಲ್ಲಿಂದ ಕದಲಲಿಲ್ಲ.

ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಆಗ. ಒಮ್ಮೆ ಗಿರಾಕಿಯೊಬ್ಬರು ಅಳತೆಗೆಂದು ಕೊಟ್ಟ ರವಿಕೆ ಆ ಅಂಗಡಿಯದ್ದಾಗಿತ್ತು. ಅವರು ಹೋದದ್ದೇ ತಡ, ಅದನ್ನು ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದು ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಕಂಕುಳ ಹತ್ತಿರ ಬಟ್ಟೆ ಎಳೆಯದ ಹಾಗೆ ಹೊಲಿಯುವ ಆ ಕ್ರಮ ನಾನೇ ಕಲಿಸಿದ್ದು. ಅದಕ್ಕೇ ಇನ್ನಷ್ಟು ಉರಿಯಿತು.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ತೊಕ್ಕೊಟ್ಟಿಗೇ ಹೋದೆ. ಮದುವೆಗೆ ಬಂದಿದ್ದೆ ಎಂದು ಸುಳ್ಳು ಹೇಳಬೇಕಲ್ಲ, ಅದಕ್ಕಾಗಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋಗಿದ್ದೆ.

"ಅಯ್ಯೋ ಅಕ್ಕ! ಬನ್ನಿ, ಕೂತ್ಕೊಳ್ಳಿ," ಎಂದು ಅವಳು ಎದ್ದು ಬಂದಳು. ಲಿಂಬೆ ಶರಬತ್ತು ಮಾಡಿ ಕೊಟ್ಟಳು.

ನನ್ನ ಕಣ್ಣೆಲ್ಲ ಕಾವೂರಿನ ಹುಡುಗಿಯ ಮೇಲಿತ್ತು. ನನ್ನಲ್ಲಿ ಹುಕ್ಕು ಹಾಕುವುದು, ಅಂಚು ಮಡಚುವುದು ಬಿಟ್ಟರೆ ಬೇರೇನೂ ಮಾಡದಿದ್ದವಳು ಇಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಗಿರಾಕಿಯ ಅಳತೆ ತೆಗೆಯುತ್ತಿದ್ದಳು. ಆ ಗಿರಾಕಿ ಯಾವುದೋ ಶಾಲೆಯ ಟೀಚರ್. "ಕುತ್ತಿಗೆ ಕಳೆದ ಸಲದ ಹಾಗೇ ಇರ್ಲಿ ಮಾರಾಯ್ತಿ. ನೀನೇ ಹೊಲಿಬೇಕು, ಆಯ್ತಾ?" ಎಂದು ಅವಳ ಬೆನ್ನು ತಟ್ಟಿ ಹೋದರು. ನನ್ನನ್ನು ಕಂಡು ಹುಡುಗಿ ನಕ್ಕಳು. ನನ್ನ ಅಂಗಡಿಯಲ್ಲಿ ಅವಳು ನಕ್ಕದ್ದು ನನಗೆ ನೆನಪಿಲ್ಲ.

"ನಿನ್ನಲ್ಲಿ ಎಂತ ಮಂತ್ರ ಉಂಟು? ಸಂಬಳ ಜಾಸ್ತಿ ಕೊಡ್ತೀಯಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲಪ್ಪ, ನೀವು ಕೊಡ್ತಿದ್ದಷ್ಟೇ." ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಬೇಜಾರು ಮಾಡ್ಬೇಡಿ ಅಕ್ಕ. ನಿಮ್ಮಲ್ಲಿ ನಾಲ್ಕು ವರ್ಷ ನಾನು ತೋಳು ಮಾತ್ರ ಹೊಲಿದದ್ದು. ಅದು ಯಾರ ಕೈಗೆ ಹೋಗ್ತದೆ ಅಂತ ಒಂದು ದಿನವೂ ನೋಡ್ಲಿಲ್ಲ. ರವಿಕೆ ಚಂದ ಆದ್ರೆ ಗಿರಾಕಿ ನಿಮ್ಮನ್ನು ಹೊಗಳ್ತಿದ್ರು. ಬಿಗಿ ಆದ್ರೆ ನೀವು ನಾವು ಕೂತಿದ್ದ ಪರದೆ ಹಿಂದೆ ಬಂದು ನಮ್ಗೆ ಬೈತಿದ್ರಿ. ಇಲ್ಲಿ ಹಾಗಿಲ್ಲ. ಅಳತೆ ತೆಗೆದವಳೇ ಕತ್ತರಿಸ್ತಾಳೆ, ಅವಳೇ ಹೊಲಿತಾಳೆ, ಅವಳೇ ಕೊಡ್ತಾಳೆ. ಬೈಗುಳವೂ ಅವಳಿಗೇ, ಹೊಗಳಿಕೆಯೂ ಅವಳಿಗೇ."

ನಾನು ಶರಬತ್ತು ಮುಗಿಸಿ ಎದ್ದೆ. ಬಸ್ಸಿನಲ್ಲಿ ಕೂತಾಗ ಜ್ಞಾನೋದಯವೇನೂ ಆಗಲಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯದೆ ಇವಳಿಗೆ ಹೊಳೆಯಿತಲ್ಲ ಎಂಬ ಸಂಕಟ ಮಾತ್ರ. ಅವಳ ಮಾತಿನಂತೆ ನಡೆದರೆ ಸೋತ ಹಾಗೆ ಎಂದುಕೊಂಡು ಎರಡು ತಿಂಗಳು ಏನನ್ನೂ ಬದಲಿಸಲಿಲ್ಲ.

ಆಮೇಲೆ ಒಂದು ದಿನ, ನನ್ನಲ್ಲಿ ಕುತ್ತಿಗೆಯ ಅಂಚಿಗೆ ಪೈಪಿಂಗ್ ಪಟ್ಟಿ ಕೂರಿಸುತ್ತಿದ್ದ ಹುಡುಗಿ ಬಂದು, "ಅಕ್ಕ, ಒಂದು ವಿಷಯ ಹೇಳ್ಲಿಕ್ಕಿತ್ತು..." ಎಂದು ನೆಲ ನೋಡುತ್ತ ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತಿತ್ತು. ಇದ್ದವರಲ್ಲೆಲ್ಲ ಒಳ್ಳೆಯ ಕೈ ಅವಳದ್ದು. ಅವಳು ಮಾತು ಮುಗಿಸುವ ಮೊದಲೇ ನನ್ನ ಕೊರಳಿನ ಟೇಪು ತೆಗೆದು ಅವಳ ಕೈಗೆ ಕೊಟ್ಟೆ.

"ಮತ್ತೆ ಹೇಳುವಿಯಂತೆ. ಹೊರಗೆ ಒಬ್ರು ಕಾಯ್ತಿದ್ದಾರೆ, ಅಳತೆ ನೀನೇ ತೆಗಿ. ಕಟಿಂಗೂ ನೀನೇ ಮಾಡು."

"ನಾನಾ?"

"ಮತ್ತೆ ಯಾರು!"

ಆ ಮೊದಲ ರವಿಕೆ ಕಂಕುಳಲ್ಲಿ ಬಿಗಿಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಗಿರಾಕಿಯ ಎದುರು ನಿಂತು, "ತಪ್ಪು ನಂದೇ ಅಮ್ಮ, ನಾಳೆ ಸರಿ ಮಾಡಿ ಕೊಡ್ತೇನೆ," ಎಂದಳು. ಸರಿ ಮಾಡಿಯೂ ಕೊಟ್ಟಳು. ಹೇಳಲಿಕ್ಕಿದ್ದ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ತಿಂಗಳು ಕಳೆದು ಅದೇ ಗಿರಾಕಿ ಪುನಃ ಬಂದರು. ನಾನು ಎದ್ದು ಟೇಪು ಹಿಡಿದೆ. ಅವರು ನನ್ನ ಹಿಂದೆ ಇಣುಕಿ, "ಅವಳಿಲ್ವಾ? ಊಟಕ್ಕೆ ಹೋಗಿದ್ರೆ ಪರವಾಗಿಲ್ಲ, ಕಾಯ್ತೇನೆ," ಎಂದರು. ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಇಪ್ಪತ್ತು ವರ್ಷ ಇದೇ ಜಾಗದಲ್ಲಿ ನಿಂತು ಅಳತೆ ತೆಗೆದವಳು ನಾನು! ಅದುವರೆಗೆ ಹೊಳೆಯಾಚೆಗಿದ್ದ ಹೊಟ್ಟೆಕಿಚ್ಚು ಈಗ ನನ್ನ ಅಂಗಡಿಯೊಳಗೇ ಬಂದು ಕೂತಿತ್ತು. ಟೇಪು ಹಿಂದಕ್ಕೆ ಕಸಿದುಕೊಳ್ಳಬೇಕೆಂದು ಎಷ್ಟು ಸಲ ಅನ್ನಿಸಿತೋ. ಕಸಿದುಕೊಳ್ಳಲಿಲ್ಲ. ಕೆಲಸಕ್ಕಿದ್ದ ಉಳಿದ ಇಬ್ಬರು ಹುಡುಗಿಯರಿಗೂ ಒಂದೊಂದು ಟೇಪು ತಂದುಕೊಟ್ಟೆ.

ಅದಾಗಿ ಮೂರು ವರ್ಷ ಕಳೆದಿವೆ. ಗಂಡನ ಜೊತೆ ದುಬೈಗೆ ಹೋದ ಒಬ್ಬಳನ್ನು ಬಿಟ್ಟರೆ ಯಾರೂ ಕೆಲಸ ಬಿಟ್ಟಿಲ್ಲ. ಕಳೆದ ವಾರ ಗಿರಾಕಿಯೊಬ್ಬರು ಮಗಳ ಮದುವೆಯ ಸಿಹಿ ತಂದು ಮೊದಲು ಟೇಪು ಪಡೆದ ಆ ಹುಡುಗಿಯ ಕೈಯಲ್ಲೇ ಇಟ್ಟು ಹೋದರು. ನಾನು ಪಕ್ಕದಲ್ಲೇ ಇದ್ದೆ. ಅವಳು ಪೊಟ್ಟಣ ಬಿಚ್ಚಿ ಮೊದಲು ನನ್ನ ಕಡೆ ಚಾಚಿದಳು. ಒಂದು ತುಂಡು ತೆಗೆದುಕೊಂಡೆ. ಅಸೂಯೆ ಆಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯಲು ಹೋದಾಗ ಅವಳು ಆಗಲೇ ಬಂದು, ಕೊರಳಿಗೆ ಟೇಪು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.