ಹಾಸಿಗೆಯ ಪಕ್ಕದ ಕಿಟಕಿ

ಗಾಡಿಗಳ ಸೀಟು ಹೊಲಿಯುವ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಪಟಾಕಿ. ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ಜೋರು. ಬೈದು ಮುಗಿಸುವಷ್ಟರಲ್ಲಿ ತಾನು ಯಾಕೆ ಬೈದೆ ಅನ್ನೋದೇ ಅವನಿಗೆ ಮರೆತುಹೋಗುತ್ತಿತ್ತು. ಬೈಸಿಕೊಂಡವರಿಗೆ ಮರೆಯುತ್ತಿರಲಿಲ್ಲ, ಅದು ಬೇರೆ ಮಾತು.

ಎರಡು ವರ್ಷದ ಹಿಂದೆ ಬಟ್ಟೆ ಮಾರುವವನೊಬ್ಬ ಬಂದು ಬೆಳ್ಳಿ ಬಣ್ಣದ ದಪ್ಪ ಬಟ್ಟೆ ತೋರಿಸಿದ್ದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ, "ಬೇಡ ರೀ, ಇದನ್ನ ಯಾರೂ ಕೇಳಲ್ಲ. ಕಪ್ಪು ಜಾಲರಿ ಬಟ್ಟೆ ತಗೊಳ್ಳಿ" ಅಂದಳು. ಪರರ ಎದುರು ಹೆಂಡತಿ ಬುದ್ಧಿ ಹೇಳಿದಳಲ್ಲ ಅಂತ ಪಟಾಕಿ ಸಿಡಿದ. "ಅಂಗಡಿ ನಂದೋ ನಿಂದೋ?" ಅಂತ ಕೂಗಾಡಿ ಇಡೀ ಸುರುಳಿಯನ್ನೇ ಇಳಿಸಿಕೊಂಡ. ಅದು ಮೂಲೆ ಸೇರಿತು. ಆಮೇಲೆ ಅವಳು ಜಾಲರಿಯನ್ನೂ ತರಿಸಿದಳು. ಅದು ಮುಕ್ಕಾಲು ಖರ್ಚಾಯಿತು. ಬೆಳ್ಳಿಯ ವಿಚಾರ ಅವಳು ಒಂದು ದಿನವೂ ಎತ್ತಲಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಮಾತ್ರ ಆ ಸುರುಳಿಯನ್ನು ಎತ್ತಿ, ಅಡಿಯಲ್ಲಿ ಗುಡಿಸಿ, ಮತ್ತೆ ಅಲ್ಲೇ ಇಡುವಳು. ಅಷ್ಟೇ ಸಾಕಾಗಿತ್ತು ಅವನ ಮೈ ಉರಿಯೋಕೆ.

ಒಂದು ಬೆಳಿಗ್ಗೆ ಅಂಗಡಿಯ ಪಕ್ಕದ ಬಾಗಿಲಿಗೆ ಒಂದು ಮನೆಗಾಡಿ ಬಂದು ನಿಂತಿತು. ಹಳೇ ಬಸ್ಸನ್ನು ಕೊಯ್ದು ಕೂಡಿಸಿ ಮಾಡಿದ್ದು. ಒಳಗೆ ಒಲೆ, ತೊಟ್ಟಿ, ಮಂಚ ಎಲ್ಲ ಇತ್ತು. ಇಳಿದು ಬಂದವರು ಕೆಲಸದಿಂದ ನಿವೃತ್ತರಾದ ಮೇಷ್ಟ್ರು.

"ಆರು ಕಿಟಕಿ ಯಜಮಾನ್ರೇ. ಪರದೆ ಹಾಕಿದ್ದೀನಿ, ಆದ್ರೂ ಒಲೆಯೊಳಗೆ ಕೂತ ಹಾಗಾಗುತ್ತೆ."

"ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಏನ್ ಮಾಡುತ್ತೆ ಸಾರ್? ಗಾಜಿನ ಹೊರಗೇ ತಡೀಬೇಕು. ಗಾಡಿ ನಿಲ್ಸಿದಾಗ ಹಾಕೋದು, ಹೊರಡುವಾಗ ಬಿಚ್ಚೋದು. ಇಲ್ಲಾಂದ್ರೆ ಗಾಳಿಗೆ ಕಿತ್ಕೊಂಡು ಹೋಗುತ್ತೆ."

ಇಲ್ಲಿಯವರೆಗೆ ಅವನು ಹೇಳಿದ್ದೆಲ್ಲ ನಿಜವೇ.

"ಆದ್ರೆ ಒಳಗಿಂದ ಹೊರಗೆ ಕಾಣ್ಬೇಕು. ಜಾಲರಿ ಥರದ್ದು ಬರುತ್ತಂತಲ್ಲ?"

"ಇರಿ, ಇದೆಯಾ ನೋಡ್ತೀನಿ" ಅಂತ ಪಟಾಕಿ ಒಳಗೆ ಹೋದ. ಹೆಂಡತಿ ಪೇಟೆಗೆ ಹೋಗಿದ್ದಳು. ಮೂಲೆಯಲ್ಲಿ ಬೆಳ್ಳಿ, ಮೇಜಿನ ಮೇಲೆ ಜಾಲರಿ. ಆ ಕ್ಷಣ ಅವನ ತಲೆಗೆ ಯಾವ ಬುದ್ಧಿ ಹೊಕ್ಕಿತೋ, ಜಾಲರಿಯನ್ನು ಎತ್ತಿ ಸ್ಪಂಜಿನ ಹಾಳೆಗಳ ಹಿಂದೆ ತುರುಕಿದ. ಹೊರಗೆ ಬಂದು, "ಜಾಲರಿ ಖಾಲಿ ಸಾರ್. ಬರೋಕೆ ತಿಂಗಳಾಗುತ್ತೆ. ಬೆಳ್ಳಿದು ಹಾಕಿಸ್ಕೊಳ್ಳಿ, ಗಾಡಿ ಗವಿ ಥರ ತಣ್ಣಗಿರುತ್ತೆ" ಅಂದ.

ಮೇಷ್ಟ್ರು ಗಾಡಿಯ ಕಡೆ ಒಮ್ಮೆ ತಿರುಗಿ ನೋಡಿ, "ನಾಡಿದ್ದೇ ಹೊರಡ್ಬೇಕು... ಸರಿ, ಹಾಕಿ" ಅಂದರು.

ಪಟಾಕಿ ಗಾಜುಗಳ ಮೇಲೆ ಹೊರಗಿನಿಂದ ಕಾಗದ ಅಂಟಿಸಿ, ಅಂಚಿಗೆ ಹೆಬ್ಬೆರಳು ಒತ್ತಿ ಅಚ್ಚು ತೆಗೆದುಕೊಂಡ. ಒಂದು ಕಿಟಕಿಯ ಪರದೆ ಸರಿದಿತ್ತು. ಪರರ ಮನೆಯೊಳಗೆ ಕಣ್ಣು ಹಾಯಿಸಬಾರದು ಅಂತ ಅವನು ಒಳಗೆ ನೋಡಲಿಲ್ಲ. ಮರ್ಯಾದಸ್ಥ!

ಪೇಟೆಯಿಂದ ಬಂದ ಹೆಂಡತಿಗೆ, ಅಷ್ಟರಲ್ಲಿ ಜಾಲರಿಯನ್ನು ಮೇಜಿಗೆ ವಾಪಸ್ ತಂದಿಟ್ಟಿದ್ದವನು, "ಬೆಳ್ಳಿನೇ ಬೇಕು ಅಂತ ಅವರೇ ಕೇಳಿದ್ರು, ಗೊತ್ತಾಯ್ತಾ?" ಅಂದ. ಅವಳು ಯಂತ್ರಕ್ಕೆ ದಾರ ಪೋಣಿಸುತ್ತಾ, "ಆಯ್ತಪ್ಪ, ನೀವೇ ಗೆದ್ರಿ" ಅಂದಳು. ಅವನು ಎರಡು ವರ್ಷ ಕಾದಿದ್ದ ಮಾತು. ಅದು ಯಾಕೋ ಅವನಿಗೆ ರುಚಿಸಲಿಲ್ಲ.

ಮೂರನೇ ದಿನ ಹಾಕುವ ಕೆಲಸ. ಕಿಟಕಿಗಳ ಸುತ್ತ ತೂತು ಕೊರೆದು, ನೀರು ಇಳಿಯದ ಹಾಗೆ ಅಂಟು ತುಂಬಿ, ಒತ್ತುಗುಂಡಿ ಕೂರಿಸಿದ. ಟಕ್ ಟಕ್ ಅಂತ ಆರು ಕಿಟಕಿಯೂ ಮುಚ್ಚಿದವು. ಎಲ್ಲಾದರೂ ಬೆಳಕು ಸೋರುತ್ತದಾ ನೋಡೋಣ ಅಂತ ಗಾಡಿ ಹತ್ತಿದ.

ಒಳಗೆ ಕತ್ತಲೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಮಲಗಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊದಿಕೆಯ ಕೆಳಗೆ ಕಾಲುಗಳು ಇಟ್ಟ ಕಡೆ ಇಟ್ಟ ಹಾಗೇ ಇದ್ದವು.

"ನಮ್ಮಕ್ಕ" ಅಂದರು ಹಿಂದೆ ಬಂದ ಮೇಷ್ಟ್ರು. "ಎದ್ದು ಕೂರೋಕಾಗಲ್ಲ. ಅವಳಿಗೋಸ್ಕರಾನೇ ಈ ಗಾಡಿ." ಅಷ್ಟು ಹೇಳಿ ನೀರು ತುಂಬಿಸೋಕೆ ಕೆಳಗಿಳಿದರು.

ಆ ಅಕ್ಕ ಮೆಲ್ಲಗೆ ಕೇಳಿದರು: "ಏನಪ್ಪಾ, ಆ ಕಪ್ಪು ಸುರುಳಿ ಸ್ಪಂಜಿನ ಹಿಂದೇನೇ ಇದೆಯಾ, ತೆಗೆದ್ಯಾ?"

ಪಟಾಕಿ ಹಾಸಿಗೆ ಪಕ್ಕದ ಕಿಟಕಿಯನ್ನೂ ಅವರನ್ನೂ ನೋಡಿದ.

"ನಿನ್ನ ಬಾಗಿಲು ತೆರೆದಿತ್ತು. ನನಗೆ ನೋಡೋದು ಬಿಟ್ಟು ಬೇರೆ ಕೆಲಸ ಏನಿದೆ?"

"ತಮ್ಮನಿಗೆ ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ಜಗಳ ಆಡ್ತಾನೆ. ಆಮೇಲೆ ನನ್ನಿಂದ ಪ್ರಯಾಣ ಕೆಡ್ತು ಅಂತಾಗುತ್ತೆ." ಅವರು ಬೆಳ್ಳಿ ಮುಚ್ಚಿದ ಗಾಜಿನ ಮೇಲೆ ಬೆರಳಿಟ್ಟರು. "ಗಾಡಿ ಓಡುವಾಗ ಎಲ್ಲಾ ಓಡಿಹೋಗುತ್ತೆ. ನಿಂತಾಗಲೇ ಅಲ್ವಾ ನೋಡೋಕೆ ಸಿಗೋದು? ಹೋಗ್ಲಿ ಬಿಡು. ತಣ್ಣಗಂತೂ ಇದೆ."

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಗಾಡಿ ಇಳಿದು ಸೀದಾ ಅಂಗಡಿಗೆ ಹೋಗಿ ಜಾಲರಿಯನ್ನು ಹೆಂಡತಿಯ ಮುಂದೆ ಹಾಸಿದ.

"ಹಾಸಿಗೆ ಪಕ್ಕದ ಕಿಟಕೀದು ಈಗಲೇ ಹೊಲಿ."

"ಬೆಳ್ಳಿನೇ ಬೇಕು ಅಂದಿದ್ರಂತಲ್ಲ?"

"ಸುಳ್ಳು. ಇದನ್ನ ನಾನು ಬಚ್ಚಿಟ್ಟಿದ್ದೆ. ನಿನ್ನ ಮುಂದೆ ಗೆಲ್ಬೇಕಿತ್ತು."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ನನ್ನ ಮುಂದೆ ಗೆಲ್ಲೋಕೆ ಅವರ ಕಿಟಕಿ ಮುಚ್ಚಿದ್ರಾ?" ಅಂದಳು. ಆಮೇಲೆ ಯಂತ್ರದ ಸದ್ದು ಶುರುವಾಯಿತು.

ಒಂದು ಗಂಟೆಯಲ್ಲಿ ಜಾಲರಿ ಅದೇ ಗುಂಡಿಗಳಿಗೆ ಕೂತಿತು. ಮೇಷ್ಟ್ರು ಒಳಗೆ ಹೋಗಿ ನೋಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಅಕ್ಕನ್ನ ನೋಡಿ ನೀವೇ ಅರ್ಥ ಮಾಡ್ಕೊಂಡ್ರಿ. ಎಲ್ಲಿಂದ ತಂದ್ರೋ ಪಾಪ! ನಿಮ್ಮಂಥವರು ಎಲ್ಲಿ ಸಿಗ್ತಾರೆ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಪಟಾಕಿ ಕಿಟಕಿಯ ಕಡೆ ನೋಡಿದ. ಹೊರಗಿನಿಂದ ಬರೀ ಕಪ್ಪು, ಏನೂ ಕಾಣುತ್ತಿರಲಿಲ್ಲ. ಒಳಗಿನಿಂದ ಎಲ್ಲಾ ಕಾಣುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಎಲ್ಲಿಂದಲೂ ತರ್ಲಿಲ್ಲ ಸಾರ್. ಅವತ್ತೇ ಇತ್ತು. ಈ ಬೆಳ್ಳಿ ಖರ್ಚಾಗ್ಲಿ ಅಂತ ಬಚ್ಚಿಟ್ಟೆ. ನಿಮ್ಮಕ್ಕ ನೋಡಿದ್ರು. ತಪ್ಪಾಯ್ತು."

ಮೇಷ್ಟ್ರ ಕೈ ಸಡಿಲವಾಯಿತು. ಹೊರಡೋಕಂತ ಅವರು ಒಂದೊಂದೇ ಕಿಟಕಿಯ ಮರೆ ಬಿಚ್ಚಿ ಮಡಿಸುತ್ತಾ ಬಂದು, ಕೊನೆಗೆ ಜಾಲರಿಯನ್ನೂ ಬಿಚ್ಚಿದರು. ಗಾಜಿನ ಹಿಂದೆ ಅಕ್ಕನ ಮುಖ. ಕೋಪವೂ ಇಲ್ಲ, ನಗುವೂ ಇಲ್ಲ. ಮೊದಲ ದಿನ ನೋಡಿದ್ದ ಹಾಗೇ ಸುಮ್ಮನೆ ನೋಡುತ್ತಿದ್ದರು. ಗಾಡಿ ಬೀದಿಯ ತಿರುವು ದಾಟುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

"ಏನಂದ್ರು?" ಅಂದಳು ಹೆಂಡತಿ.

"ಏನೂ ಅನ್ಲಿಲ್ಲ ಕಣೇ" ಅಂದ ಪಟಾಕಿ. ಆಮೇಲೆ ಮೂಲೆಗೆ ಹೋಗಿ, ಉಳಿದ ಬೆಳ್ಳಿ ಸುರುಳಿಯನ್ನು ತಾನೇ ಎತ್ತಿ, ಅದರ ಅಡಿಯ ಕಸವನ್ನು ಗುಡಿಸತೊಡಗಿದ.